ಮತ್ತೆ ಚುಕ್ಕೆ ಮೂಡಿದವಳು

ಸಲ್ವಾ, ಕುವೈತ್
8 ನವೆಂಬರ್ 2025, ಶನಿವಾರ

ಶರಣ್ಯಾಳ ಪಪ್ಪನಿಗೆ,

ಅಮಿತಾಳ ನಮಸ್ಕಾರ. ನಾವಿಬ್ಬರೂ ಚೆನ್ನಾಗಿದ್ದೇವೆ. ನೀವೂ ಚೆನ್ನಾಗಿದ್ದೀರಿ ಎಂದು ವ್ಯಾನ್ ಓಡಿಸುವ ನಿಝಾಮ್ ಹೇಳಿದರು. ಶುಐಬಾದ ನೌಕರರ ಕ್ಯಾಂಪಿನ ಮೆಸ್ಸಿನಲ್ಲಿ ಸಾರು ಬರೀ ನೀರು ಎಂದು ನೀವು ದೂರಿದ್ದನ್ನೂ ಹೇಳಿದರು. ನಾಲ್ಕು ತಿಂಗಳಿಂದ ಅದನ್ನೇ ಉಣ್ಣುತ್ತಿದ್ದೀರಿ. ಮನೆ ಬಿಟ್ಟು ಹೋಗಿ ಎಂದು ನಾನು ಹೇಳಿರಲಿಲ್ಲ.

ಅವರ ವ್ಯಾನಿನಲ್ಲಿ ನೀವು ಕಳಿಸಿದ ಒಪ್ಪಿಗೆ ಪತ್ರ ಗುರುವಾರ ಕೈಸೇರಿತು. ಟೈಪು ಮಾಡಿಸಿ, ಮೂರು ಪ್ರತಿ ತೆಗೆಸಿ, ನಾನು ಸಹಿ ಹಾಕಬೇಕಾದ ಕಡೆ ಪೆನ್ಸಿಲಿನಲ್ಲಿ ಗುರುತು ಕೂಡ ಹಾಕಿದ್ದೀರಿ. ಹಿಂಬದಿ ಖಾಲಿ ಇತ್ತು. ಈ ಪತ್ರವನ್ನು ಅದರ ಮೇಲೆಯೇ ಬರೆಯುತ್ತಿದ್ದೇನೆ, ಮೂರು ಹಾಳೆ ಇರುವುದರಿಂದ ಜಾಗಕ್ಕೆ ಬರವಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಾನು ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ನೀವು ಖಲಾಸ್ ಎಂದು ಇಟ್ಟುಬಿಡುತ್ತೀರಿ.

ನೀವು ಕೇಳಿದ್ದು ನನಗೆ ಸರಿಯಾಗಿ ಅರ್ಥವಾಗಿದೆಯೇ ನೋಡಿ. ಇಪ್ಪತ್ತನೇ ತಾರೀಕು ಊರಿಗೆ ಹೊರಟಿರುವ ನಿಮ್ಮ ಸುಕುಮಾರ ಮಾವನ ಜೊತೆ ಶರಣ್ಯಾಳನ್ನು ಕಳಿಸಬೇಕು. ಅವಳು ಕಾರ್ಕಳದ ನಿಮ್ಮ ಮನೆಗೆ ಕಾಲಿಡಬಾರದು. ಹೆಬ್ರಿಯಲ್ಲಿ ನಿಮ್ಮ ದೊಡ್ಡಮ್ಮನ ಮನೆಯಲ್ಲಿದ್ದು ಕೈಮೇಲಿನ ಬಿಳಿ ಮಚ್ಚೆಗೆ ಮದ್ದು ಮಾಡಿಸಿಕೊಳ್ಳಬೇಕು. ಡಿಸೆಂಬರ್ 28ಕ್ಕೆ ನಿಮ್ಮ ತಂಗಿ ಪ್ರೀಮಾಳ ಮದುವೆ ಕಳೆಯುವ ತನಕ ಗಂಡಿನ ಕಡೆಯ ಯಾರ ಕಣ್ಣಿಗೂ ಬೀಳಬಾರದು. ನಾನು ಸಹಿ ಹಾಕದಿದ್ದರೆ, ಜನವರಿಗೆ ಮುಗಿಯುವ ಅವಳ ವಾಸದ ಇಕಾಮಾವನ್ನು ನೀವು ಮುಂದುವರಿಸುವುದಿಲ್ಲ. ಅವಳ ಕಾಗದಪತ್ರ ನಿಮ್ಮ ಹೆಸರಿನಲ್ಲಿ ಇರುವುದರಿಂದ ಮತ್ತೆ ಅವಳು ಕುವೈತಿನಲ್ಲಿ ಇರುವ ಹಾಗಿಲ್ಲ. ಇಷ್ಟೇ ತಾನೆ.

ನಾನು ಸಹಿ ಹಾಕುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯ ತನಕ ಕಾದು ಓದಿ ನಿಮಗೆ ನಿರಾಶೆಯಾಗುವುದು ಬೇಡ. ಆದರೂ ಓದಿ. ನಿಮಗೆ ಗೊತ್ತಿಲ್ಲದ ಕೆಲವು ಸಂಗತಿಗಳು ಇದರಲ್ಲಿವೆ, ಗೊತ್ತಿದ್ದೂ ಹೇಳದ ಒಂದು ಸಂಗತಿಯೂ ಇದೆ.

ಜೂನ್ ಮೊದಲ ವಾರ ಅವಳ ಬಲಗೈ ಮಣಿಕಟ್ಟಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿಯನ್ನು ಮೊದಲು ಕಂಡದ್ದು ನೀವು. ಟೂತ್‌ಪೇಸ್ಟ್ ಮೆತ್ತಿದೆಯೆಂದು ಹೆಬ್ಬೆರಳಿನಿಂದ ಒರೆಸಿದಿರಿ. ಹೋಗಲಿಲ್ಲ. ಮತ್ತೆ ಒರೆಸಿದಿರಿ. ಅವಳು ನೋವಾಗುತ್ತದೆ ಎಂದು ಕೈ ಎಳೆದುಕೊಂಡಳು. ಚರ್ಮದ ಡಾಕ್ಟರು ಹೇಳಿದ್ದನ್ನು ನೀವೂ ನನ್ನ ಪಕ್ಕದಲ್ಲೇ ಕೂತು ಕೇಳಿದ್ದೀರಿ. ಇದು ಅಂಟುವುದಿಲ್ಲ, ನೋಯುವುದಿಲ್ಲ, ಯಾರ ತಪ್ಪೂ ಅಲ್ಲ, ಕೆಲವರಿಗೆ ಮನೆತನದಲ್ಲಿ ಇರುತ್ತದೆ, ಕೆಲವರಿಗೆ ಇರುವುದಿಲ್ಲ ಎಂದರು. ಅವರು ಕೊಟ್ಟ ಮುಲಾಮನ್ನು ಇವತ್ತಿಗೂ ತಪ್ಪದೆ ಹಚ್ಚುತ್ತಿದ್ದೇನೆ. ಈಗ ಕೈಯ ಹಿಂಬದಿಯಲ್ಲಿ ಏಳು ಮಚ್ಚೆ ಇವೆ, ಮೊಣಕೈಯಲ್ಲಿ ಎರಡು.

ಡಾಕ್ಟರ ಅಷ್ಟು ಮಾತಿನಲ್ಲಿ ‘ಮನೆತನ’ ಎಂಬ ಒಂದನ್ನು ಮಾತ್ರ ನೀವು ಊರಿಗೆ ಮುಟ್ಟಿಸಿದಿರಿ. ನಿಮ್ಮ ಅಮ್ಮ ಫೋನು ಮಾಡಿದರು. ಮಾಮಿಯ ಮೊದಲ ವಿಚಾರಣೆ ಮೀನಿನದ್ದು. ಪಕ್ಕದ ಮನೆಯ ರಮ್ಲಾ ಹಾಕಿಕೊಟ್ಟ ಬಂಗುಡೆ ಸಾರು ಉಂಡು, ಮೇಲಿಂದ ಲಬನ್ ಕುಡಿದೆನೆಂದು ಶರಣ್ಯಾಳೇ ಅಜ್ಜಿಗೆ ಒಮ್ಮೆ ಕೊಚ್ಚಿಕೊಂಡಿದ್ದಳಲ್ಲ. ಮೀನಿನ ಮೇಲೆ ಮಜ್ಜಿಗೆ ಹೊಯ್ದರೆ ತೊನ್ನು ಬಾರದೆ ಇನ್ನೇನು ಬರುತ್ತದೆ ಎಂದು ಮಾಮಿ ಕೇಳಿದರು. ಇದನ್ನು ರಮ್ಲಾಳಿಗೆ ಹೇಳಿದರೆ, “ಹಾಗಾದ್ರೆ ನಮ್ಮ ಕುಟುಂಬ ಇಡೀ ಸುಣ್ಣ ಹೊಡೆದ ಗೋಡೆ ಹಾಗೆ ಇರ್ಬೇಕಿತ್ತಲ್ಲ ಮಾರಾಯ್ತಿ” ಎಂದು ಬಿದ್ದು ಬಿದ್ದು ನಕ್ಕಳು. ಎರಡನೆಯದ್ದು ನಾಗದೋಷ. ನನ್ನ ತವರಿನ ನಾಗಬನದಲ್ಲಿ ಎರಡು ವರ್ಷದಿಂದ ತಂಬಿಲದ ಪೂಜೆ ಆಗಿಲ್ಲವಂತೆ. ಮೂರನೆಯದ್ದು ಬಳಿ. ನಮ್ಮಲ್ಲಿ ಮಕ್ಕಳಿಗೆ ಬರುವುದು ತಾಯಿಯ ಬಳಿ, ತಾಯಿಯ ಕುಲ, ಹಾಗಿರುವಾಗ ಈ ಮಚ್ಚೆಯೂ ತಾಯಿಯ ಕಡೆಯಿಂದಲೇ ಇಳಿದು ಬಂದದ್ದು ಎಂದು ತೀರ್ಪು ಕೊಟ್ಟರು. ಫೋನು ಸ್ಪೀಕರಿನಲ್ಲಿತ್ತು. ನೀವು ಎದುರಿಗೇ ಇದ್ದಿರಿ. ನಿಮ್ಮ ಬಾಯಿಂದ ಒಂದು ಮಾತು ಬರುತ್ತದೆಯೇ ಎಂದು ನಾನು ಕಾದೆ. ನೀವು ಎದ್ದು ಎ.ಸಿ.ಯ ರಿಮೋಟು ಹುಡುಕಿದಿರಿ.

ಆಮೇಲೆ ನಡೆದದ್ದರಲ್ಲಿ ನನ್ನ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಫಹಾಹೀಲಿನ ಅಂಗಡಿಯಿಂದ ಅವಳ ಬಣ್ಣಕ್ಕೆ ಹೊಂದುವ ಕ್ರೀಮು ತಂದು ದಿನಾ ಬೆಳಿಗ್ಗೆ ಮಚ್ಚೆಗೆ ಮೆತ್ತಿದವಳು ನಾನು. ಐವತ್ತು ಡಿಗ್ರಿ ಸುಡುವ ಬಿಸಿಲಿನಲ್ಲಿ ಉದ್ದ ತೋಳಿನ ಅಂಗಿ ಹಾಕಿಸಿದವಳೂ ನಾನು. ಯಾರಾದರೂ ಕೇಳಿದರೆ ಅಲರ್ಜಿ ಎನ್ನು ಎಂದು ಹೇಳಿಕೊಟ್ಟೆ. ಕ್ರೀಮು ತೊಳೆದುಹೋಗುತ್ತದೆಂದು ಅವಳು ಈಜಿನ ತರಗತಿ ಬಿಟ್ಟಳು. ಕೈತೊಳೆಯಲು ಹೆದರಿ ಮಧ್ಯಾಹ್ನದ ಊಟ ಡಬ್ಬಿಯಲ್ಲೇ ವಾಪಸ್ ತರತೊಡಗಿದಳು. ಜುಲೈಯಲ್ಲಿ ರಜೆಗೆ ಅವಳನ್ನು ಹೆಬ್ರಿಗೆ ಕಳಿಸೋಣವೆಂದು ನೀವು ಮೊದಲ ಸಲ ಎತ್ತಿದ್ದು, ನಾನು ಬೇಡವೆಂದದ್ದು, ನೀವು ಸೂಟ್‌ಕೇಸು ತುಂಬಿಸಿ ಕ್ಯಾಂಪಿಗೆ ಹೋದದ್ದು ಎಲ್ಲ ಒಂದೇ ವಾರದಲ್ಲಿ. ಆ ಗಡಿಬಿಡಿಯಲ್ಲಿ ನೀವು ಕಾಲುಚೀಲ ಮರೆತಿರಿ. ಎರಡನೇ ದಿನವೇ ಅದಕ್ಕೆ ನಿಝಾಮರನ್ನು ಓಡಿಸಿದಿರಿ. ಮಗಳು ಹೇಗಿದ್ದಾಳೆಂದು ಕೇಳಿ ಫೋನು ಬಂದದ್ದು ಆರನೇ ದಿನ.

ನನ್ನ ಲೈಬ್ರರಿಯ ಮಿಸ್ ಹ್ಯಾರಿಯೆಟ್ ನಿಮಗೆ ಗೊತ್ತು. ಶಾಲೆಯ ವಾರ್ಷಿಕೋತ್ಸವದಲ್ಲಿ ನಿಮ್ಮ ಕೈಕುಲುಕಿದ, ಅರವತ್ತು ದಾಟಿದ, ಮೈತುಂಬ ಕಂದು ಚುಕ್ಕೆಗಳಿರುವ ಸ್ಕಾಟ್ಲೆಂಡಿನ ಹೆಂಗಸು. ಅವರು ಪುಸ್ತಕ ಆರಿಸುತ್ತಾರೆ, ನಾನು ಲೇಬಲ್ ಅಂಟಿಸುತ್ತೇನೆ. ಸೆಪ್ಟೆಂಬರಿನಿಂದ ಶರಣ್ಯಾ ಆಟಕ್ಕೆ ಹೋಗದೆ ನಮ್ಮಲ್ಲಿ ಬಂದು ಕೂರುತ್ತಿದ್ದಳು. ಪುಟ ತಿರುಗಿಸುವಾಗಲೂ ಬೆರಳು ಅಂಗಿಯ ತೋಳಿನೊಳಗೇ ಇರುತ್ತಿತ್ತು. ಮಿಸ್ ಅದನ್ನು ಗಮನಿಸಿದರು, ನನ್ನನ್ನು ಏನೂ ಕೇಳಲಿಲ್ಲ.

ಅಕ್ಟೋಬರಿನಲ್ಲಿ ನಾಲ್ಕನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಪರಿಚಯದ ಒಬ್ಬರ ಹೆಸರು ಎಲ್ಲಿಂದ ಬಂತು, ಬರುವ ದಾರಿಯಲ್ಲಿ ಅದಕ್ಕೆ ಏನೇನಾಯಿತು ಎಂದು ವಿಚಾರಿಸಿ ಚಾರ್ಟ್ ಮಾಡಿ ತರಬೇಕು. ಹೆಚ್ಚಿನ ಮಕ್ಕಳು ಅಜ್ಜ ಅಜ್ಜಿಯರನ್ನು ಹಿಡಿದರು. ನಿಮ್ಮ ಮಗಳು ಮಾಮಿಗೆ ಫೋನು ಮಾಡಲು ಒಪ್ಪಲಿಲ್ಲ, ಕಾರಣ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅವಳು ಹೋಗಿ ಮಿಸ್ ಹ್ಯಾರಿಯೆಟ್ ಮುಂದೆ ನೋಟ್‌ಬುಕ್ ಬಿಚ್ಚಿದಳು. ಮಿಸ್ ಮಕ್ಕಳು ಕೂರುವ ಮೋಟು ಸ್ಟೂಲಿನ ಮೇಲೆ ಕೂತು, ಹ್ಯಾರಿಯೆಟ್ ನನ್ನ ಹೆಸರೇ ಅಲ್ಲ ಎಂದರು.

ಅವರದ್ದು ಸ್ಕಾಟ್ಲೆಂಡಿನ ಪಶ್ಚಿಮದ ಸಮುದ್ರದಲ್ಲಿರುವ ಒಂದು ಸಣ್ಣ ದ್ವೀಪ. ಮನೆಮಾತು ಇಂಗ್ಲಿಷಲ್ಲ, ಗೇಲಿಕ್. ನಮ್ಮ ತುಳುವಿನ ಹಾಗೆ ಮನೆಯೊಳಗೆ ಒಂದು, ಕಚೇರಿಯಲ್ಲಿ ಇನ್ನೊಂದು. ಅವರಿಗೆ ಇಟ್ಟದ್ದು ಅವರ ಅಜ್ಜಿಯ ಹೆಸರು, ಓಯ್‌ರಿಕ್. ಅದು ಕನ್ನಡದ ಬಾಯಿಗೆ ಪೂರ್ತಿ ಒಗ್ಗುವುದಿಲ್ಲ, ಸುಮಾರಾಗಿ ಹೀಗೆ ಅನ್ನಬಹುದು. ತೀರ ಹಳೆಯ ಹೆಸರು. ಎಂಟುನೂರು ವರ್ಷಕ್ಕೂ ಹಿಂದೆ ಆ ಕಡೆಯ ಒಬ್ಬ ಒಡೆಯನ ಮಗಳಿಗೆ ಈ ಹೆಸರಿತ್ತು, ಅವಳು ಪಕ್ಕದ ದ್ವೀಪದ ರಾಜನ ಹೆಂಡತಿಯಾದಳು. ಲ್ಯಾಟಿನ್ ಬರೆಯುತ್ತಿದ್ದವರು ಅವಳನ್ನು ಆಫ್ರಿಕಾ ಎಂದು ಬರೆದಿಟ್ಟರು. ಆ ಖಂಡಕ್ಕೂ ಅವಳಿಗೂ ಯಾವ ಸಂಬಂಧವೂ ಇಲ್ಲ. ಶರಣ್ಯಾ ಇದಕ್ಕೆ ಹೊಟ್ಟೆ ಹಿಡಿದು ನಕ್ಕಳು. ನಾಲ್ಕು ತಿಂಗಳಲ್ಲಿ ನಾನು ಕೇಳಿದ ಮೊದಲ ನಗು ಅದು.

ಆಮೇಲೆ ಇಂಗ್ಲಿಷಿನವರ ಸರದಿ. ರಿಜಿಸ್ಟರು ಹಿಡಿದು ಕೂತ ಪಾದ್ರಿ, ಗುಮಾಸ್ತ, ಮೇಷ್ಟ್ರು ಎಲ್ಲರೂ ಆ ಹೆಸರನ್ನು ತಮಗೆ ಅನುಕೂಲವಾದ ಇನ್ನೊಂದರಿಂದ ಮುಚ್ಚಿದರು. ಮಿಸ್‌ನ ಅಜ್ಜಿ ಚರ್ಚಿನ ಪುಸ್ತಕದಲ್ಲಿ ಯುಫೀಮಿಯಾ, ಅಂಗಡಿಯವನ ಬಾಯಲ್ಲಿ ಎಫಿ, ಮದುವೆಯ ದಾಖಲೆಯಲ್ಲಿ ಹೆನ್ರಿಯೆಟಾ. ಅವಳು ಓಯ್‌ರಿಕ್ ಆಗಿದ್ದದ್ದು ಒಲೆಯ ಮುಂದೆ ಮಾತ್ರ. ಮಿಸ್ ಮತ್ತು ಅವರ ಚಿಕ್ಕಪ್ಪನ ಮಗಳು, ಇಬ್ಬರಿಗೂ ಅದೇ ಅಜ್ಜಿಯ ಹೆಸರು, ಒಂದೇ ದಿನ ಶಾಲೆಗೆ ಸೇರಿದರು. ಮೇಷ್ಟ್ರು ಒಬ್ಬಳನ್ನು ಹ್ಯಾರಿಯೆಟ್ ಎಂದು ಬರೆದರು, ಇನ್ನೊಬ್ಬಳನ್ನು ಎರಿಕಾ ಎಂದು. ಬೆಳಿಗ್ಗೆ ಒಂದೇ ಹೆಸರಿನಲ್ಲಿ ಹೋದ ಹುಡುಗಿಯರು ಸಂಜೆ ಎರಡು ಬೇರೆ ಹೆಸರು ಹೊತ್ತು ಮನೆಗೆ ಬಂದರು. ಅವರ ಅಮ್ಮ ಏನೂ ಅನ್ನಲಿಲ್ಲವಂತೆ. ನೌಕರಿಗೆ ಹೋಗುವ ಮಕ್ಕಳು, ಇದೇ ಒಳ್ಳೆಯದು ಎಂದುಕೊಂಡರಂತೆ. ಇದನ್ನು ಹೇಳುವಾಗ ಮಿಸ್‌ನ ಮುಖದಲ್ಲಿ ಸಿಟ್ಟು ಇತ್ತು, ಅರವತ್ತು ವರ್ಷ ಕಳೆದರೂ.

ಹೆಸರಿನ ಅರ್ಥ ಏನು ಎಂದು ಶರಣ್ಯಾ ಕೇಳಿದಳು. ಚಾರ್ಟಿನಲ್ಲಿ ಅದಕ್ಕೊಂದು ಚೌಕ ಖಾಲಿ ಇತ್ತು. ಖಚಿತವಾಗಿ ಯಾರಿಗೂ ಗೊತ್ತಿಲ್ಲ, ಆದರೆ ಅದು ಒಂದು ಹಳೆಯ ಶಬ್ದದಿಂದ ಬಂದಿರಬೇಕೆಂದು ಬಲ್ಲವರು ಹೇಳುತ್ತಾರೆ, ಅದರ ಅರ್ಥ ಮತ್ತೆ ಚುಕ್ಕೆ ಮೂಡಿದವಳು ಎಂದು, ಅಂದರು ಮಿಸ್. ಅವರ ಊರಿನ ಹೊಳೆಯಲ್ಲಿ ಸಿಗುವ ಚುಕ್ಕೆಯ ಮೀನಿಗೂ ಆ ಚುಕ್ಕೆಯ ಶಬ್ದವೇ ಹೆಸರಂತೆ.

ಶರಣ್ಯಾ ಬರೆಯುವುದನ್ನು ನಿಲ್ಲಿಸಿದಳು. ಮಗುವಿಗೆ ಯಾರಾದರೂ ಅಂಥ ಹೆಸರು ಯಾಕೆ ಇಡುತ್ತಾರೆ ಎಂದು ಕೇಳಿದಳು, ಇಂಗ್ಲಿಷಿನಲ್ಲೇ, ತೀರ ಸಣ್ಣ ದನಿಯಲ್ಲಿ. ಮೊದಲನೆಯವಳು ಯಾರೋ ಗೊತ್ತಿಲ್ಲ ಎಂದರು ಮಿಸ್. ಆದರೆ ಅವಳ ಮೈಮೇಲಿನ ಚುಕ್ಕೆ ಕಂಡವರು ಅವಳನ್ನು ಒಳಗೆ ಕೂರಿಸಲಿಲ್ಲ, ಅದನ್ನೇ ಹೆಸರು ಮಾಡಿ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಕರೆದರು, ಆಮೇಲೆ ಹುಟ್ಟಿದ ಮೊಮ್ಮಕ್ಕಳಿಗೂ ಬೇಕೆಂದೇ ಇಟ್ಟರು ಎಂದರು. ತಮ್ಮ ತೋಳನ್ನು ಮೇಜಿನ ಮೇಲೆ ಚಾಚಿ ತೋರಿಸಿದರು. ನಿಮ್ಮ ಮಗಳು ಅದನ್ನು ನೋಡಿದಳು. ಆಮೇಲೆ ತನ್ನ ಅಂಗಿಯ ತೋಳನ್ನು ಮೊಣಕೈಯ ತನಕ ಮಡಚಿ, ಕ್ರೀಮನ್ನು ಉಗುರಿನಿಂದ ಕೆರೆದು ತೆಗೆದು, ಅವರ ತೋಳಿನ ಪಕ್ಕ ತನ್ನದನ್ನು ಇಟ್ಟಳು. ನಾನು ಗೋಂದಿನ ಡಬ್ಬಿ ಹಿಡಿದು ಕಪಾಟಿನ ಹಿಂದೆ ನಿಂತಿದ್ದೆ. ಅಲ್ಲೇ ಅತ್ತೆ. ನಾಚಿಕೆಯಿಂದ ಅತ್ತೆ, ಯಾಕೆಂದರೆ ಆ ಕ್ರೀಮು ಹಚ್ಚಿದ ಕೈ ನನ್ನದು.

ಮರುದಿನ ಮಿಸ್ ನನ್ನನ್ನು ಕರೆದು ಬಾಗಿಲಿಗೆ ಹೊಸ ಲೇಬಲ್ ಮಾಡಿಕೊಡು ಎಂದರು. ಈಗ ಲೈಬ್ರರಿಯ ಬಾಗಿಲಲ್ಲಿ ಅವರ ನಿಜವಾದ ಹೆಸರಿದೆ. ಯಾರಿಗೂ ಅದನ್ನು ಸರಿಯಾಗಿ ಹೇಳಲು ಬರುವುದಿಲ್ಲ, ಅವರು ಪ್ರತಿಯೊಬ್ಬರನ್ನೂ ನಿಲ್ಲಿಸಿ ತಿದ್ದುತ್ತಾರೆ.

ಇನ್ನು ಆ ಚಾರ್ಟು. ನೀವು ಅದರ ಫೋಟೊ ಮಾತ್ರ ನೋಡಿದ್ದೀರಿ, ಅದೂ ಸಿಟ್ಟಿನಲ್ಲಿ. ನಡುವೆ ಇರುವುದು ಅವಳದೇ ಕೈ. ಕಾಗದದ ಮೇಲೆ ಕೈಯಿಟ್ಟು ಗೆರೆ ಎಳೆದು, ಕಂದು ಬಣ್ಣ ತುಂಬಿಸಿ, ಒಂಬತ್ತು ಕಡೆ ಬಣ್ಣ ಹಾಕದೆ ಬಿಟ್ಟಿದ್ದಾಳೆ. ಸುತ್ತಲೂ ಆ ಹೆಸರಿನ ಎಲ್ಲ ವೇಷಗಳು, ಆಫ್ರಿಕಾ, ಯುಫೀಮಿಯಾ, ಎಫಿ, ಎರಿಕಾ, ಹ್ಯಾರಿಯೆಟ್, ಹೆನ್ರಿಯೆಟಾ. ಕೆಳಗೆ, ಈ ಹೆಸರು ನನಗೂ ಸಲ್ಲುತ್ತದೆ ಎಂದು ಬರೆದಿದ್ದಾಳೆ. ಗಿಡ್ಡ ತೋಳಿನ ಅಂಗಿ ಹಾಕಿಕೊಂಡು ಅದರ ಪಕ್ಕ ನಿಂತಿದ್ದಾಳೆ.

ಆ ಫೋಟೊ ನಿಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹೋದದ್ದು ಹೇಗೆ ಎಂದು ನೀವು ಕೇಳಿದಾಗ, ಶರಣ್ಯಾ ನನ್ನ ಫೋನಿನಲ್ಲಿ ಆಡುತ್ತಿದ್ದಾಗ ಕೈತಪ್ಪಿ ಹೋಯಿತು ಎಂದಿದ್ದೆ. ಸುಳ್ಳು. ಹಾಕಿದವಳು ನಾನು. ಪ್ರೀಮಾಳ ಗಂಡಿನ ಮನೆಯವರೂ ಆ ಗ್ರೂಪಿನಲ್ಲಿದ್ದಾರೆಂದು ತಿಳಿದೇ ಹಾಕಿದೆ. ಮಗಳ ತಲೆಯ ಮೇಲೆ ಹಾಕಿ ತಪ್ಪಿಸಿಕೊಂಡದ್ದು ಮಾತ್ರ ಹೇಡಿತನ, ಅದಕ್ಕೆ ಅವಳ ಕ್ಷಮೆ ಕೇಳಿದ್ದೇನೆ. ನಿಮ್ಮ ಕ್ಷಮೆ ಕೇಳುವುದಿಲ್ಲ.

ಪ್ರೀಮಾ ನನಗೆ ಫೋನು ಮಾಡಿದ್ದಳು, ನಿಮಗೆ ಹೇಳಿರಲಿಕ್ಕಿಲ್ಲ. ಅತ್ತಳು. ಗಂಡಿನ ತಾಯಿ ಆ ಕೈ ಯಾಕೆ ಹಾಗೆ ಎಂದು ಕೇಳಿದರಂತೆ. “ಅತ್ತಿಗೆ, ನಾನು ಎಂತ ಹೇಳುದು ಅವರಿಗೆ” ಎಂದಳು. ಡಾಕ್ಟರು ಹೇಳಿದ್ದನ್ನೇ ಹೇಳು ಎಂದೆ. ಮೂರು ದಿನ ಸುದ್ದಿಯಿಲ್ಲ. ನನಗೂ ಹೆದರಿಕೆಯಾಗಿತ್ತು, ಇಲ್ಲವೆನ್ನುವುದಿಲ್ಲ, ಅವಳ ಮದುವೆ ಮುರಿದರೆ ಆ ಪಾಪ ನನ್ನದೇ ಆಗುತ್ತಿತ್ತು. ನಾಲ್ಕನೇ ದಿನ ಮತ್ತೆ ಮಾಡಿದಳು. ಗಂಡು ವಿನೀತ್‌ಗೆ ಎಲ್ಲ ಹೇಳಿದಳಂತೆ. ಅವನು, ಅಷ್ಟೇ ತಾನೆ, ಎಂದನಂತೆ. ಅವನ ತಾಯಿ ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದಾರಂತೆ. ಆಮೇಲೆ ಪ್ರೀಮಾ ಕೇಳಿದಳು, ಶರಣ್ಯಾ ಹೂವಿನ ತಟ್ಟೆ ಹಿಡಿದು ತನ್ನ ಮುಂದೆ ನಡೆಯಬೇಕು, ರವಿಕೆಯ ತೋಳು ಸ್ವಲ್ಪ ಉದ್ದ ಇಡಿಸೋಣವೇ ಎಂದು. ಬೇಡ ಎಂದೆ. ಹಾಗಾದರೆ ಅಳತೆ ಕಳಿಸಿ ಎಂದಳು. ನಿಮ್ಮ ತಂಗಿಗೆ ನಿಮಗಿಂತ ಧೈರ್ಯವಿದೆ.

ಹಾಗಾಗಿ ನನ್ನ ಉತ್ತರ ಹೀಗಿದೆ. ಡಿಸೆಂಬರ್ 21ಕ್ಕೆ ಮಂಗಳೂರಿಗೆ ಎರಡು ಟಿಕೆಟ್ ಮಾಡಿಸಿದ್ದೇನೆ, ಒಂದು ನನಗೆ, ಒಂದು ಅವಳಿಗೆ. ಹೆಬ್ರಿಗೆ ಹೋಗುವುದಿಲ್ಲ. ನೇರ ಕಾರ್ಕಳದ ಮನೆಗೆ, ಎದುರು ಬಾಗಿಲಿನಿಂದ ಬರುತ್ತೇವೆ. ಮಾಮಿ ಬಾಗಿಲು ಹಾಕಿಕೊಂಡರೆ ಜಗಲಿಯಲ್ಲಿ ಕೂರುತ್ತೇವೆ, ಬಂದ ನೆಂಟರು ಕಾರಣ ಕೇಳಿದರೆ ಹೇಳುತ್ತೇವೆ. ಅವಳು ಗಿಡ್ಡ ತೋಳಿನಲ್ಲೇ ಹೂವಿನ ತಟ್ಟೆ ಹಿಡಿಯುತ್ತಾಳೆ. ಇಕಾಮಾ ಮುಂದುವರಿಸುವುದು ನಿಮ್ಮ ಕೈಯಲ್ಲಿದೆ. ಮಾಡಿಸಿದರೆ ಜನವರಿಯಲ್ಲಿ ವಾಪಸು ಬರುತ್ತೇವೆ. ಇಲ್ಲವಾದರೆ ನಾನೂ ಕೆಲಸ ಬಿಟ್ಟು ಅಲ್ಲೇ ನಿಲ್ಲುತ್ತೇನೆ. ಪುಸ್ತಕಕ್ಕೆ ಲೇಬಲ್ ಅಂಟಿಸುವ ಕೆಲಸ ಉಡುಪಿಯಲ್ಲೂ ಸಿಕ್ಕೀತು. ನಿಮ್ಮನ್ನು ಬೇಡಿಕೊಳ್ಳುವುದಿಲ್ಲ. ಮಕ್ಕಳು ತಾಯಿಯ ಬಳಿಗೆ ಸೇರಿದವರೆಂದು ಮಾಮಿಯೇ ಹೇಳಿದ್ದಾರೆ. ದೂರುವಾಗ ಆ ಕಟ್ಟಳೆ ನೆನಪಾಗಿ, ಬಚ್ಚಿಡುವಾಗ ಅವಳು ನಿಮ್ಮ ಮನೆಯ ಹುಡುಗಿಯಾಗುವುದು ನಡೆಯುವುದಿಲ್ಲ.

ಶರಣ್ಯಾ ಮತ್ತೆ ಈಜಿಗೆ ಹೋಗುತ್ತಿದ್ದಾಳೆ. ಮೊನ್ನೆ ನಾನು ಅಭ್ಯಾಸ ಬಲದಿಂದ ಕ್ರೀಮಿನ ಡಬ್ಬಿಗೆ ಕೈಹಾಕಿದರೆ, “ಇಟ್ಸ್ ಮೈ ಹ್ಯಾಂಡ್, ಮಮ್ಮಿ” ಎಂದಳು. ಡಬ್ಬಿ ಕಸದ ಬುಟ್ಟಿಗೆ ಹೋಯಿತು.

ನೀವು ಕೆಟ್ಟವರೆಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಅವಳಿಗೆ ಸೈಕಲ್ ಕಲಿಸುತ್ತ ಸಮುದ್ರದ ಬದಿಯ ಕಾರ್ನಿಶಿನ ಉದ್ದಕ್ಕೂ ಬೂಟು ಕಾಲುಚೀಲದಲ್ಲಿ ಓಡಿದವರು ನೀವು. ನೀವು ಹೆದರಿದ್ದೀರಿ. ಆ ಹೆದರಿಕೆಯನ್ನು ಅವಳ ಕೈಗೆ ದಾಟಿಸಲು ನಾನು ಬಿಡುವುದಿಲ್ಲ.

ನಿಮಗೆ ನನ್ನ ಸಹಿ ಬೇಕಿತ್ತು. ನೀವು ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆ ಅಲ್ಲ, ಇಲ್ಲಿ ಹಾಕುತ್ತಿದ್ದೇನೆ.

ನಿಮ್ಮ ಹೆಂಡತಿ, ಇವತ್ತಿಗೂ,
ಅಮಿತಾ

ವಿ.ಸೂ.: ನಿಝಾಮರ ಕೈಯಲ್ಲಿ ಇದರ ಜೊತೆ ಒಂದು ಕಟ್ಟು ಕೊಟ್ಟಿದ್ದೇನೆ. ಕಪಾಟಿನ ಹಿಂದೆ ಬಿದ್ದಿದ್ದ ನಿಮ್ಮ ಇನ್ನೂ ನಾಲ್ಕು ಜೊತೆ ಕಾಲುಚೀಲ, ಒಗೆದು ಮಡಚಿ ಇಟ್ಟದ್ದು. ನಿಮ್ಮ ಎಡಗಾಲಿನ ಪಾದದ ಮೇಲಿನ ಬಿಳಿಯನ್ನು ನಾನು ನೋಡಿದ್ದು ಮದುವೆಯಾಗಿ ಒಂಬತ್ತನೇ ದಿನ, ನೀವು ಮಧ್ಯಾಹ್ನ ಊಟ ಮಾಡಿ ಮಲಗಿದ್ದಾಗ. ಹನ್ನೊಂದು ವರ್ಷ ನೋಡಿಯೂ ನೋಡದವಳ ಹಾಗೆ ಇದ್ದೆ, ಮಾಮಿ ನನ್ನ ಬಳಿಯನ್ನು ದೂರಿದ ದಿನವೂ. ಚಿಕ್ಕಂದಿನಲ್ಲಿ ನಿಮ್ಮ ಕಾಲು ತೊಳೆದವರು ಅವರೇ ಅಲ್ಲವೇ. ಅವರಿಗೂ ಗೊತ್ತು. ಮೊನ್ನೆ ಶರಣ್ಯಾ ಕೇಳಿದಳು, ನಮ್ಮಲ್ಲಿ ನನ್ನ ಹಾಗೆ ಇನ್ನು ಯಾರಿಗಾದರೂ ಉಂಟಾ ಎಂದು. ಅದನ್ನು ನಿನ್ನ ಪಪ್ಪನೇ ತೋರಿಸಬೇಕು ಎಂದಿದ್ದೇನೆ. ಬರುವ ಶುಕ್ರವಾರ ಬೆಳಿಗ್ಗೆ ನಾವು ಸಲ್ವಾ ಬೀಚಿನಲ್ಲಿ ಇರುತ್ತೇವೆ. ಬರುವುದಾದರೆ ಚಪ್ಪಲಿ ಹಾಕಿಕೊಂಡು ಬನ್ನಿ.